ಚಿಗರಿಯೂ ಚೀಟಿಯೂ

ಯಾದಗಿರಿಯಿಂದ ರಾಯಚೂರಿಗೆ ಹೋಗುವ ರೈಲು ಸೈದಾಪುರವನ್ನು ಹಿಂದೆ ಹಾಕಿದ ಮೇಲೆ ಕೆಲವು ಮೈಲಿಗಳಷ್ಟು ತೆಲಂಗಾಣದ ನೆಲದ ಮೇಲೆ ಓಡಿ, ಕೃಷ್ಣಾ ಎಂಬ ಸಣ್ಣ ನಿಲ್ದಾಣವನ್ನು ಮುಟ್ಟಿ, ಹೊಳೆ ದಾಟಿ ಮತ್ತೆ ಕರ್ನಾಟಕವನ್ನು ಸೇರುತ್ತದೆ. ರಾಜ್ಯವೊಂದನ್ನು ಹೊಕ್ಕು ಹೊರಬಂದದ್ದು ಬೋಗಿಯೊಳಗಿನವರಿಗೆ ತಿಳಿಯುವುದೇ ಇಲ್ಲ. ಎರಡೂ ಕಡೆ ಅದೇ ಎರೆ ಭೂಮಿ, ಅದೇ ಬೇಲಿಜಾಲಿ, ಅದೇ ಹತ್ತಿ ಮತ್ತು ತೊಗರಿ. ನಿಲ್ದಾಣದಿಂದ ದಕ್ಷಿಣಕ್ಕೆ ನೋಡಿದರೆ ಹೊಳೆಯಾಚೆ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು ಕಾಣುತ್ತವೆ. ಉತ್ತರಕ್ಕೂ ಪೂರ್ವಕ್ಕೂ ನೋಡಿದರೆ ಮಕ್ತಲ್ ಮತ್ತು ನಾರಾಯಣಪೇಟೆಯತ್ತ ಹಾಸಿಕೊಂಡ ಬಯಲು. ಮೃಗಶಿರ ಮಳೆ ಬಿದ್ದು ಬಿತ್ತನೆಯಾದ ಹದಿನೈದು ದಿನಗಳಲ್ಲಿ ಈ ದಾರಿಯಲ್ಲಿ ಮುಂಜಾನೆ ಹೋಗುವವರು ಕಿಟಕಿಯ ಬಳಿ ಕುಳಿತಿದ್ದರೆ, ಎಳೆ ಹಸಿರಿನ ನಡುವೆ ತಲೆಯೆತ್ತಿ ರೈಲನ್ನು ನೋಡುವ ಕಂದುಬಣ್ಣದ ಹಿಂಡು ಕಣ್ಣಿಗೆ ಬೀಳಬಹುದು. ಹಿಂಡಿನಲ್ಲಿ ಒಂದೋ ಎರಡೋ ಮಾತ್ರ ಕಪ್ಪು; ಅವುಗಳ ತಲೆಯ ಮೇಲೆ ತಿರುಚಿದ ಉದ್ದ ಕೊಂಬು.

ಪಂಡಿತರ ಕನ್ನಡದಲ್ಲಿ ಇದು ಕೃಷ್ಣಮೃಗ. ತೆಲುಗಿನಲ್ಲಿ ಕೃಷ್ಣಜಿಂಕ. ಇಲ್ಲಿಯ ಹಳ್ಳಿಗಳ ಬಾಯಲ್ಲಿ ಚಿಗರಿ. ಕೃಷ್ಣೆಯ ದಡದ ಕೃಷ್ಣಾ ಮಂಡಲದಲ್ಲಿ ಕೃಷ್ಣಮೃಗವೇ ಕೃಷಿಕನ ದೊಡ್ಡ ಚಿಂತೆ ಎಂದರೆ ಪದಗಳ ಆಟದಂತೆ ಕೇಳುತ್ತದೆ. ಆದರೆ ಬಿತ್ತಿದ ಹೊಲವನ್ನು ಎರಡನೆಯ ಸಲ ಬಿತ್ತಬೇಕಾದವನಿಗೆ ಅದರಲ್ಲಿ ಆಟವೇನೂ ಕಾಣುವುದಿಲ್ಲ.

ನಾರಾಯಣಪೇಟೆ ಜಿಲ್ಲೆ 2019ರ ಫೆಬ್ರವರಿಯಲ್ಲಿ ಮಹಬೂಬನಗರದಿಂದ ಬೇರೆಯಾಯಿತು. ಅದಕ್ಕೂ ಮೊದಲು, 2016ರ ಅಕ್ಟೋಬರಿನಲ್ಲಿ, ಗದ್ವಾಲ ಜೋಗುಳಾಂಬೆಯ ಹೆಸರಿನಲ್ಲಿ ಜಿಲ್ಲೆಯಾಗಿತ್ತು. ಹೆಸರುಗಳು ಹೊಸವು, ನೆಲದ ಸಂಬಂಧಗಳು ಹಳೆಯವು. ನಿಜಾಮರ ಕಾಲದಲ್ಲಿ ಗದ್ವಾಲ ಮತ್ತು ಆಲಂಪುರ ರಾಯಚೂರು ಜಿಲ್ಲೆಯ ಭಾಗಗಳಾಗಿದ್ದವು. 1956ರ ರಾಜ್ಯ ಪುನರ್ವಿಂಗಡಣೆ ಅವನ್ನು ಕಳಚಿ ಆಂಧ್ರಪ್ರದೇಶಕ್ಕೆ ಕೊಟ್ಟಿತು. ಕಾಯಿದೆಯ ಒಂದು ಉಪವಾಕ್ಯದಲ್ಲಿ ತಾಲ್ಲೂಕುಗಳು ಕೈ ಬದಲಾಯಿಸಿದವು, ಮನೆಯೊಳಗಿನ ಮಾತು ಬದಲಾಗಲಿಲ್ಲ. ಕೃಷ್ಣಾ ಮಂಡಲದ ಗುಡೆಬಲ್ಲೂರು, ಹಿಂದುಪುರ, ತಂಗಡಿಯಂಥ ಊರುಗಳಲ್ಲಿ ಇಂದಿಗೂ ಜಗಳ, ಜೋಗುಳ, ಲೆಕ್ಕಾಚಾರ ಎಲ್ಲವೂ ಕನ್ನಡದಲ್ಲೇ ನಡೆಯುತ್ತವೆ. ತಂಗಡಿಯ ಬಳಿ ಭೀಮೆ ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿಂದ ಹೊಳೆಯುದ್ದಕ್ಕೆ ಬಂದರೆ ಮುಡುಮಾಲ. ಊರ ಹೊರಗಿನ ಬಯಲಿನಲ್ಲಿ ಆಳೆತ್ತರಕ್ಕೂ ಮೀರಿದ ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಅವು ಸುಮಾರು ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯವೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ. 2025ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ನಿಲುಗಲ್ಲುಗಳ ಹೆಸರು ಸೇರಿತು. ಕಲ್ಲು ನೆಟ್ಟವರ ಕಾಲದಲ್ಲೂ ಈ ಬಯಲಿನಲ್ಲಿ ಚಿಗರಿ ಮೇಯುತ್ತಿದ್ದಿರಬೇಕು ಎಂದುಕೊಳ್ಳಲು ದೊಡ್ಡ ಕಲ್ಪನೆಯೇನೂ ಬೇಕಾಗಿಲ್ಲ. ಕೃಷ್ಣಮೃಗ ತಾನಾಗಿ ಸಂಚರಿಸುವ ನಾಡು ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳುತ್ತದೆ. ಆ ಲೆಕ್ಕದಲ್ಲಿ ಮಕ್ತಲ್ ಸೀಮೆ ಪರಮ ಯೋಗ್ಯ. ಯಜ್ಞದಲ್ಲಿ ಹವಿಸ್ಸಾಗುತ್ತಿರುವುದು ಯಾರ ಬೆಳೆ ಎಂಬುದನ್ನು ಮಾತ್ರ ಸ್ಮೃತಿಕಾರ ಹೇಳಿಲ್ಲ.

ಚಿಗರಿ ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ಮರಗಳ ದಟ್ಟಣೆಯಲ್ಲಿ ಅದಕ್ಕೆ ನೆಮ್ಮದಿಯಿಲ್ಲ. ಅದರ ರಕ್ಷಣೆಯೆಲ್ಲ ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ ಇದೆ; ದೂರದಿಂದ ಕಾಣಬೇಕು, ಕಂಡೊಡನೆ ಓಡಬೇಕು. ಗಂಟೆಗೆ ಎಂಬತ್ತು ಕಿಲೋಮೀಟರಿನಷ್ಟು ವೇಗ ಅದರ ಓಟಕ್ಕಿದೆ. ಹಿಂದೆ ಈ ಸೀಮೆಯ ಗೋಮಾಳಗಳೂ ಬೀಳುಭೂಮಿಯೂ ಅದಕ್ಕೆ ಸಾಕಾಗುತ್ತಿದ್ದವು. ಆಮೇಲೆ ನೀರು ಬಂತು. ಜುರಾಲಾ ಅಣೆಕಟ್ಟಿನ ಹಿನ್ನೀರು, ಮಕ್ತಲ್ ಬಳಿ ಭೀಮಾ ಏತ ನೀರಾವರಿಯ ಸಂಗಂಬಂಡ ಮತ್ತು ಭೂತಪುರ ಜಲಾಶಯಗಳು, ಅವುಗಳ ಕಾಲುವೆಗಳು, ಜೊತೆಗೆ ಕೊಳವೆಬಾವಿಗಳು. ಬೀಳು ಬಿದ್ದಿದ್ದ ನೆಲ ಹೊಲವಾಯಿತು. ಹುಲ್ಲಿದ್ದಲ್ಲಿ ಹತ್ತಿ ಬಂತು. ಹುಲ್ಲಿಗಿಂತ ರುಚಿಯಾದದ್ದು ಎದುರಿಗೇ ಬೆಳೆದಿರುವಾಗ ಚಿಗರಿ ಬೇರೆ ಎಲ್ಲಿಗೆ ಹೋಗಬೇಕು? ಅದರ ಹಳೆಯ ವೈರಿಗಳಲ್ಲಿ ಚಿರತೆಹುಲಿ, ಎಂದರೆ ಇಂದು ಚೀತಾ ಎಂದು ಕರೆಯಲ್ಪಡುವ ಪ್ರಾಣಿ, ಸ್ವಾತಂತ್ರ್ಯದ ಹೊತ್ತಿಗೇ ದೇಶದಿಂದ ಅಳಿದುಹೋಯಿತು. ಉಳಿದ ತೋಳ ತಾನೇ ಅಳಿವಿನ ಅಂಚಿನಲ್ಲಿದೆ.

ಬೆಳೆದು ನಿಂತ ಬೆಳೆಗೆ ಚಿಗರಿಯಿಂದ ಆಗುವ ಹಾನಿ ಅಷ್ಟೊಂದಲ್ಲ. ಅದಕ್ಕೆ ಬೇಕಾದದ್ದು ಮೊಳಕೆ. ಹತ್ತಿ, ತೊಗರಿ, ಹೆಸರು ನೆಲ ಬಿಟ್ಟು ಎರಡೆಲೆ ನಾಲ್ಕೆಲೆ ಆದಾಗ ಹಿಂಡು ಇಳಿಯುತ್ತದೆ. ಸಾಲು ಹಿಡಿದು ಚಿಗುರು ಚಿವುಟುತ್ತ ಹೋದರೆ ಒಂದೇ ರಾತ್ರಿಯಲ್ಲಿ ಎಕರೆಗಟ್ಟಲೆ ಹೊಲ ಬೋಳು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. 2025-26ರ ಹಂಗಾಮಿಗೆ ಬಿಟಿ ಹತ್ತಿಬೀಜದ ಒಂದು ಪೊಟ್ಟಣಕ್ಕೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಗರಿಷ್ಠ ಬೆಲೆ 901 ರೂಪಾಯಿ. ಮೊದಲ ಬಿತ್ತನೆಯನ್ನು ಚಿಗರಿ ಮೇದರೆ ಮತ್ತೆ ಬೀಜ, ಮತ್ತೆ ಕೂಲಿ; ಅಷ್ಟರಲ್ಲಿ ಮಳೆಯ ಹದ ಹೋಗಿರುತ್ತದೆ. ಇಷ್ಟಾಗಿ ಆ ಬೀಜವೂ ದೂರದ್ದಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಡಿಗಡ್ಡ ಸೀಮೆ, ಎಂದರೆ ಗದ್ವಾಲದ ಸುತ್ತಲಿನ ನೆಲ, ದೇಶಕ್ಕೆಲ್ಲ ಹತ್ತಿಯ ಹೈಬ್ರಿಡ್ ಬೀಜ ಬೆಳೆದು ಕೊಡುವ ಪ್ರದೇಶಗಳಲ್ಲೊಂದು.

ಆದ್ದರಿಂದ ಬಿತ್ತನೆಯ ನಂತರದ ತಿಂಗಳಲ್ಲಿ ಈ ಊರುಗಳ ಗಂಡಸರು ಮನೆಯಲ್ಲಿ ಮಲಗುವುದಿಲ್ಲ. ಹೊಲದ ನಡುವೆ ಮಂಚಿಕೆ, ಕೈಯಲ್ಲಿ ಬ್ಯಾಟರಿ, ತಗಡಿನ ಡಬ್ಬ, ಕವಣೆ. ಹೊಲದ ಸುತ್ತ ಗೂಟ ನೆಟ್ಟು ಹಳೆಯ ಸೀರೆಗಳನ್ನು ಕಟ್ಟುತ್ತಾರೆ. ಗಾಳಿಗೆ ಬಣ್ಣ ಅಲುಗಿದರೆ ಚಿಗರಿ ಬೆದರುತ್ತದೆಂಬ ನಂಬಿಕೆ. ನಾಲ್ಕು ದಿನ ಬೆದರುವುದೂ ನಿಜ, ಐದನೆಯ ದಿನ ಅದಕ್ಕೆ ಸೀರೆಯ ಗುಟ್ಟು ತಿಳಿದಿರುತ್ತದೆ. ನಾರಾಯಣಪೇಟೆಯ ಸೀರೆಗೆ ಚೌಕಳಿ ಮೈ, ಎದುರುಬಣ್ಣದ ಅಂಚು. ಶಿವಾಜಿಯ ದಂಡಿನೊಡನೆ ಬಂದ ನೇಕಾರರು ಇಲ್ಲೇ ನಿಂತರೆಂಬ ಐತಿಹ್ಯ ಊರಿನಲ್ಲಿ ಇನ್ನೂ ಜೀವಂತವಾಗಿದೆ. ಗದ್ವಾಲದ್ದು ಹತ್ತಿಯ ಮೈಗೆ ರೇಷ್ಮೆಯ ಅಂಚನ್ನು ಎಳೆ ಎಳೆಗೆ ಕೂಡಿಸಿ ನೇಯುವ ಕಸುಬು. ಇಂಥ ಎರಡು ಸೀರೆಗಳ ನಾಡಿನಲ್ಲಿ ಬೇಲಿಗೆ ಬರುವುದು ಮಾತ್ರ ಪೇಟೆಯ ಅಗ್ಗದ ನೈಲಾನ್ ಸೀರೆ. ನೂಲಿನದು ಎರಡು ಮಳೆಗೆ ಕೊಳೆಯುತ್ತದೆ.

ಮುಂಜಾನೆ ಹೊಲದ ಬದುವಿನಲ್ಲಿ ಕೇಳಿಬರುವ ಮಾತುಗಳು ಸಾಮಾನ್ಯವಾಗಿ ಹೀಗಿರುತ್ತವೆ:

“ಮಾವ, ರಾತ್ರಿ ಬಂದಿದ್ವೇನ್ರಿ?”

“ಬರದೆ ಬಿಡ್ತಾವೇನಪಾ? ನಿನ್ನೆ ಎರಡೆಲಿ ಇತ್ತು, ಇವತ್ತು ನೋಡು, ಬರೀ ದಂಟು ಐತಿ.”

“ಫಾರೆಸ್ಟ್‌ನವರಿಗೆ ಹೇಳಬೇಕಿತ್ತಲ್ರಿ.”

“ಹೇಳೀನಿ. ಫೋಟೊ ತಗದು ಕೊಡು ಅಂದ್ರು. ನಡುರಾತ್ರಿ ಕತ್ತಲಾಗ ಓಡೋ ಚಿಗರಿದು ಫೋಟೊ ಹ್ಯಾಂಗ ತಗೀಲಿ ತಮ್ಮಾ?”

ಇಂಥ ಹೊತ್ತಿನಲ್ಲಿ ಯಾರಾದರೊಬ್ಬರ ಬಾಯಲ್ಲಿ ಬಂದೇ ಬರುವ ಪ್ರಶ್ನೆ: ಹೊಡೆಯಲು ಪರವಾನಗಿ ಕೊಡಬಾರದೇಕೆ? ಎಷ್ಟು ಹೆಚ್ಚಾಗಿವೆಯೋ ಅಷ್ಟಕ್ಕೆ, ಚೀಟಿ ಎತ್ತಿಯಾದರೂ, ಕೊಡಬಾರದೇಕೆ? ಕೇಳುವವರು ಸಿಟ್ಟಿನಲ್ಲಿ ಕೇಳುತ್ತಾರೆ. ಆದರೆ ಜಗತ್ತಿನ ಒಂದು ಮೂಲೆಯಲ್ಲಿ ಚೀಟಿ ಎತ್ತಿಯೇ ಬೇಟೆಯ ಪರವಾನಗಿ ಕೊಡುವ ಪದ್ಧತಿ ನಿಜವಾಗಿಯೂ ಇದೆ. ಅದನ್ನು ಅರಿತರೆ ಇಲ್ಲಿಯ ಪ್ರಶ್ನೆಯೂ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಎಲ್ಕ್ ಎಂಬ ಮೃಗವಿದೆ. ಕಡವೆಯ ಬಂಧು, ಕಡವೆಗಿಂತ ದೊಡ್ಡದು. ಗಂಡು ಮುನ್ನೂರು ಕಿಲೋ ದಾಟುತ್ತದೆ. ಕೊಲರಾಡೊ ರಾಜ್ಯವೊಂದರಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿವೆ. ಕಾಡುಮೃಗ ಯಾವೊಬ್ಬ ಜಮೀನುದಾರನದೂ ಅಲ್ಲ, ಎಲ್ಲರ ಪರವಾಗಿ ಸರ್ಕಾರ ಕಾಯುವ ಸೊತ್ತು ಎಂಬುದು ಅಲ್ಲಿಯ ತತ್ವ. ರಾಜ್ಯವನ್ನು ಬೇಟೆಯ ವಿಭಾಗಗಳಾಗಿ ಹಂಚಿ, ಪ್ರತಿ ವಿಭಾಗದಲ್ಲೂ ಆ ವರ್ಷ ಎಷ್ಟು ಮೃಗಗಳನ್ನು ಹೊಡೆಯಬಹುದೆಂದು ವನ್ಯಜೀವಿ ಇಲಾಖೆ ಗೊತ್ತುಮಾಡುತ್ತದೆ. ಪರವಾನಗಿಗಳು ಕೆಲವು, ಬೇಡುವವರು ಬಹಳ. ಆದ್ದರಿಂದ ಚೀಟಿ. ಸುಮ್ಮನೆ ಚೀಟಿ ಎತ್ತಿದರೆ ಅದೃಷ್ಟಹೀನನೊಬ್ಬ ಮೂವತ್ತು ವರ್ಷ ಅರ್ಜಿ ಹಾಕಿಯೂ ಬರಿಗೈಯಲ್ಲಿ ಉಳಿಯಬಹುದಲ್ಲವೆ? ಅದಕ್ಕೆಂದು ಅಂಕಗಳ ಏರ್ಪಾಡು. ಈ ವರ್ಷ ಸಿಗದವನ ಹೆಸರಿಗೆ ಒಂದು ಅಂಕ ಜಮೆಯಾಗುತ್ತದೆ. ಮರುವರ್ಷ ಹೆಚ್ಚು ಅಂಕವುಳ್ಳವನ ಸರದಿ ಮೊದಲು. ಪರವಾನಗಿ ದೊರೆತೊಡನೆ ಕೂಡಿಟ್ಟ ಅಂಕಗಳೆಲ್ಲ ಸೊನ್ನೆಯಾಗಿ ಲೆಕ್ಕ ಮೊದಲಿನಿಂದ ಆರಂಭ. ಕೊಲರಾಡೊದ ಬಗೆ ಇದಾದರೆ ನೆವಾಡದ ಬಗೆ ಬೇರೆ. ಅಲ್ಲಿ ಹೆಚ್ಚು ಅಂಕವುಳ್ಳವನಿಗೆ ಸರದಿಯ ಭರವಸೆಯಿಲ್ಲ, ಡಬ್ಬದಲ್ಲಿ ಅವನ ಹೆಸರಿನ ಚೀಟಿಗಳು ಹೆಚ್ಚು. ಅಂಕಗಳನ್ನು ವರ್ಗ ಮಾಡಿ ಅಷ್ಟು ಚೀಟಿ ಹಾಕುತ್ತಾರೆ. ನ್ಯೂ ಮೆಕ್ಸಿಕೊ ಅಂಕಗಳ ಗೊಡವೆಗೇ ಹೋಗಿಲ್ಲ. ಅಂಕಗಳ ಪದ್ಧತಿ ನಿರ್ದೋಷವೂ ಅಲ್ಲ. ಎಲ್ಲರೂ ವರ್ಷವರ್ಷ ಅಂಕ ಕೂಡಿಡುತ್ತ ಹೋದಂತೆ ಒಳ್ಳೆಯ ವಿಭಾಗಗಳಿಗೆ ಬೇಕಾದ ಅಂಕಗಳೂ ಏರುತ್ತ ಹೋಗಿ, ಇಪ್ಪತ್ತು ವರ್ಷ ಕಾದವನ ಮುಂದೆ ಇಪ್ಪತ್ತೊಂದು ವರ್ಷ ಕಾದವರ ಸಾಲೇ ನಿಂತಿರುತ್ತದೆ.

ತೆಲಂಗಾಣದವರಿಗೆ ಸರ್ಕಾರಿ ಚೀಟಿ ಹೊಸದೇನಲ್ಲ. ರಾಜ್ಯದ 2,620 ಮದ್ಯದಂಗಡಿಗಳು ಹಂಚಿಕೆಯಾಗುವುದು ಚೀಟಿ ಎತ್ತಿಯೇ. 2025ರಲ್ಲಿ ಒಂದೊಂದು ಅರ್ಜಿಯ ಶುಲ್ಕ 3 ಲಕ್ಷ ರೂಪಾಯಿ. ಚೀಟಿ ಬರಲಿ ಬಿಡಲಿ, ಆ ಹಣ ಮರಳುವುದಿಲ್ಲ. ಸೋತವನ ಹೆಸರಿಗೆ ಅಂಕವೂ ಇಲ್ಲ. ಸೋಲನ್ನು ಬರೆದಿಡುವುದು ಮತ್ತು ಮರೆತುಬಿಡುವುದು, ಈ ಎರಡರ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೆ ಸಿಗಲಾರದು.

ಭಾರತದಲ್ಲಿ ಬೇಟೆಯ ಪರವಾನಗಿ ಎಂದೂ ಇರಲಿಲ್ಲವೆಂದು ಭಾವಿಸಬೇಕಾಗಿಲ್ಲ. ಮಹಬೂಬನಗರಕ್ಕೆ ಹೆಸರು ಕೊಟ್ಟ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಹೆಸರಾಂತ ಬೇಟೆಗಾರ. ಅವನ ಬೇಟೆಯ ಚಿತ್ರಗಳನ್ನು ಲಾಲಾ ದೀನದಯಾಳ್ ತೆಗೆದಿದ್ದಾನೆ. ಪಳಗಿಸಿದ ಚೀತಾಗಳನ್ನು ಬಂಡಿಯಲ್ಲಿ ಕೂರಿಸಿ, ಕಣ್ಣಿನ ಪಟ್ಟಿ ಬಿಚ್ಚಿ, ಚಿಗರಿಯ ಹಿಂಡಿನ ಮೇಲೆ ಬಿಡುವುದು ದಖ್ಖನಿನ ಅರಮನೆಗಳ ವಿನೋದವಾಗಿತ್ತು. ಅಂದಿನ ಪರವಾನಗಿ ಎಂದರೆ ಹುಟ್ಟು. ಸ್ವತಂತ್ರ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೂಲಪಾಠದಲ್ಲೂ ಪರವಾನಗಿಗಳಿದ್ದವು: ವಿಶೇಷ ಬೇಟೆಗೆ ಒಂದು, ದೊಡ್ಡ ಬೇಟೆಗೆ ಒಂದು, ಸಣ್ಣ ಬೇಟೆಗೆ ಒಂದು, ಬಲೆಯೊಡ್ಡಿ ಹಿಡಿಯುವುದಕ್ಕೆ ಇನ್ನೊಂದು. 1991ರ ತಿದ್ದುಪಡಿ ಅವೆಲ್ಲವನ್ನೂ ತೆಗೆದುಹಾಕಿತು. 9ನೆಯ ಕಲಮು ಇಂದು ಒಂದೇ ಮಾತಿನಲ್ಲಿ ಬೇಟೆಯನ್ನು ನಿಷೇಧಿಸುತ್ತದೆ. 11 ಮತ್ತು 12ನೆಯ ಕಲಮುಗಳಲ್ಲಿ ಹೇಳಿದಷ್ಟಕ್ಕೆ ಮಾತ್ರ ವಿನಾಯಿತಿ.

ಚಿಗರಿಯ ಮಟ್ಟಿಗೆ ಆ ವಿನಾಯಿತಿ ಎಷ್ಟು ಇಕ್ಕಟ್ಟಿನದೆಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು. ಕೃಷ್ಣಮೃಗ ಮೊದಲ ಅನುಸೂಚಿಯ ಪ್ರಾಣಿ. ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದ್ದರೆ, ಇಲ್ಲವೆ ಗುಣವಾಗದಷ್ಟು ರೋಗಗ್ರಸ್ತವೋ ಅಂಗಹೀನವೋ ಆಗಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅದನ್ನು ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. ಚಿಗರಿ ಮನುಷ್ಯನ ಜೀವ ತೆಗೆಯುವುದಿಲ್ಲ, ಜೀವನ ತೆಗೆಯುತ್ತದೆ. ಕಾಯಿದೆಗೆ ಎರಡನೆಯದು ಕಾಣುವುದಿಲ್ಲ. ಕಾಡುಹಂದಿಯ ಸಂಗತಿ ಬೇರೆ. ಅದು ಎರಡನೆಯ ಅನುಸೂಚಿಯದು. ಅಲ್ಲಿ ‘ನಿಂತ ಬೆಳೆ’ ಎಂಬ ಮಾತು ಕಾಯಿದೆಯೊಳಗೇ ಇದೆ, ಬೆಳೆಯ ಹಾನಿಯೂ ಅನುಮತಿಗೆ ಕಾರಣವಾಗಬಲ್ಲದು. ಕೇರಳ ಸರ್ಕಾರ 2022ರಲ್ಲಿ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರವರೆಗೂ ಇಳಿಸಿದ್ದು ಈ ಆಧಾರದ ಮೇಲೆಯೇ. ಕಾಸರಗೋಡಿನ ಕನ್ನಡಿಗರಿಗೆ ಅದು ಗೊತ್ತಿರುವ ವಿಚಾರ. 62ನೆಯ ಕಲಮಿನ ಪ್ರಕಾರ ಪ್ರಾಣಿಯೊಂದನ್ನು ಪೀಡಕವೆಂದು ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಬಿಹಾರದ ನೀಲಗಾಯಿ, ಉತ್ತರಾಖಂಡದ ಕಾಡುಹಂದಿ, ಶಿಮ್ಲಾದ ಕೋತಿಗಳು ಸುಮಾರು ಹತ್ತು ವರ್ಷಗಳ ಹಿಂದೆ ಆ ಘೋಷಣೆಗೆ ಒಳಗಾದವು. ಮೊದಲ ಅನುಸೂಚಿಯ ಪ್ರಾಣಿಗೆ ಆ ಬಾಗಿಲೂ ಮುಚ್ಚಿದೆ. ಕೊಂದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. 2022ರ ತಿದ್ದುಪಡಿಯ ಬಳಿಕ ಕನಿಷ್ಠ 25,000 ರೂಪಾಯಿ ದಂಡ. ‘ಬೇಟೆ’ ಎಂಬ ಪದದ ವ್ಯಾಖ್ಯೆ ಇನ್ನೂ ವಿಶಾಲ. ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ಬೆನ್ನಟ್ಟುವುದು, ಅಟ್ಟುವುದು, ಇವುಗಳ ಪ್ರಯತ್ನವೂ ಬೇಟೆಯೇ. ಅಕ್ಷರಕ್ಕೆ ಜೋತುಬಿದ್ದು ಓದಿದರೆ, ರಾತ್ರಿ ತಗಡು ಬಡಿಯುತ್ತ ಹಿಂಡಿನ ಹಿಂದೆ ಓಡುವ ಮುದುಕನೂ ಬೇಟೆಗಾರನೇ! ಹಾಗೆ ಓದುವ ನ್ಯಾಯಾಧೀಶರು ಇರಲಾರರು. ಆದರೂ ತನ್ನ ಹೊಲದಲ್ಲಿ ತಾನು ಕೂಗುವುದು ಕಾನೂನಿನ ಕೃಪೆಯಿಂದ ಎಂಬುದು ರೈತನಿಗೆ ಸುಖದ ವಿಚಾರವಲ್ಲ.

39ನೆಯ ಕಲಮು ಇನ್ನೊಂದು ವಿಚಿತ್ರ. ಸತ್ತು ಬಿದ್ದ ಕಾಡುಪ್ರಾಣಿ ಸರ್ಕಾರದ ಸೊತ್ತು. ಅದರ ಕೊಂಬು, ಚರ್ಮವನ್ನು ಮುಟ್ಟಿದರೆ ಅಪರಾಧ. ಸತ್ತ ಚಿಗರಿಗೆ ಒಡೆಯನಿದ್ದಾನೆ. ಬದುಕಿರುವ ಚಿಗರಿಯ ಹೊಟ್ಟೆಗೆ ಮಾತ್ರ ಹೊಣೆಗಾರನಿಲ್ಲ.

ಇದೇ ಚಿಗರಿಯನ್ನು ಹಣ ಕೊಟ್ಟು ಹೊಡೆಯುವ ಜಾಗಗಳೂ ಭೂಮಿಯ ಮೇಲಿವೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೆ ಕೊಂಡೊಯ್ದ ಕೃಷ್ಣಮೃಗಗಳು ಅಲ್ಲಿಯ ಒಣ ಹುಲ್ಲುಗಾವಲಿನಲ್ಲಿ ಸಾವಿರಾರಾಗಿ ಬೆಳೆದವು. ಹೊರನಾಡಿನಿಂದ ತಂದ ಪ್ರಾಣಿಯಾದ್ದರಿಂದ ಅದಕ್ಕೆ ಚೀಟಿಯಿಲ್ಲ, ಅಂಕವಿಲ್ಲ, ಬೇಟೆಯ ಋತುವೂ ಇಲ್ಲ. ಜಮೀನಿನ ಒಡೆಯನಿಗೆ ಹಣ ತೆತ್ತರಾಯಿತು. ತಮ್ಮ ನೆಲದ ಎಲ್ಕ್‌ಗೆ ಇಪ್ಪತ್ತು ವರ್ಷ ಸರದಿ ಕಾಯುವ ಜನ ದಖ್ಖನಿನ ಚಿಗರಿಯನ್ನು ಯಾವ ತಿಂಗಳಿನಲ್ಲಾದರೂ ಹೊಡೆಯಬಲ್ಲರು. ಅಲ್ಲಿ ಅದು ಸಾಕಿದವನಿಗೆ ಆದಾಯ, ಇಲ್ಲಿ ಸಾಕದವನಿಗೆ ಖರ್ಚು.

ಹಾಗಿದ್ದರೆ ಮಕ್ತಲ್‌ನಲ್ಲೂ ಚೀಟಿ ಎತ್ತಿ ಬಂದೂಕು ಕೊಡಬೇಕೆ? ಬೇಡ. ಸಣ್ಣ ಸಣ್ಣ ಹಿಡುವಳಿಗಳು, ಹೊಲದ ತುಂಬ ಕೂಲಿಯವರು, ಕುರಿಗಾಹಿಗಳು. ಇಂಥ ಬಯಲಿನಲ್ಲಿ ಹೊರಟ ಗುಂಡು ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು. ಪರವಾನಗಿ ಬಂದರೆ ಅದು ಹೊಲದವನ ಕೈಗೆ ಬರುವುದಿಲ್ಲ, ಹೈದರಾಬಾದಿನಿಂದ ಜೀಪಿನಲ್ಲಿ ಬರುವವನ ಕೈಗೆ ಹೋಗುತ್ತದೆ. ಅಲ್ಲದೆ ಈ ಸೀಮೆಯ ರೈತರಲ್ಲಿ ಹೆಚ್ಚಿನವರು ಚಿಗರಿ ಸಾಯಲಿ ಎಂದು ಕೇಳುತ್ತಲೂ ಇಲ್ಲ. ಹಿಡಿದುಕೊಂಡು ಹೋಗಿ ಎನ್ನುತ್ತಾರೆ, ಇಲ್ಲವೆ ತಿಂದದ್ದಕ್ಕೆ ಬೆಲೆ ಕೊಡಿ ಎನ್ನುತ್ತಾರೆ.

ಹಿಡಿದುಕೊಂಡು ಹೋಗಲು ಕಾಯಿದೆಯಲ್ಲಿ ದಾರಿಯಿದೆ. 12ನೆಯ ಕಲಮು ಪ್ರಾಣಿಗಳನ್ನು ಕೊಲ್ಲದೆ ಬೇರೆ ನೆಲೆಗೆ ಸಾಗಿಸಲು ಅನುಮತಿ ಕೊಡುತ್ತದೆ. ಮೊದಲ ಅನುಸೂಚಿಯ ಪ್ರಾಣಿಗೆ ಕೇಂದ್ರದ ಪೂರ್ವಾನುಮತಿಯೂ ಬೇಕು. ಮಧ್ಯಪ್ರದೇಶದ ಶಾಜಾಪುರದ ಕಡೆ 2025ರ ಅಕ್ಟೋಬರಿನಲ್ಲಿ ಹೆಲಿಕಾಪ್ಟರಿನಿಂದ ಹಿಂಡುಗಳನ್ನು ಮೆಲ್ಲನೆ ಅಟ್ಟಿ, ಬಾಯಿ ಅಗಲವಾಗಿ ಒಳಗೆ ಕಿರಿದಾಗುವ ಬೊಮಾ ಎಂಬ ಆವರಣಕ್ಕೆ ಸೇರಿಸಿ, ನೂರಾರು ಕೃಷ್ಣಮೃಗಗಳನ್ನು ಹೊಲಗಳಿಂದ ಅಭಯಾರಣ್ಯಗಳಿಗೆ ಸಾಗಿಸಲಾಯಿತು. ಕೃಷ್ಣಾ ಮಂಡಲದಲ್ಲೂ ಮುಡುಮಾಲದ ಬಳಿ ಚಿಗರಿಗಳಿಗೆ ಆವರಣ ನಿರ್ಮಿಸುವ ಯೋಜನೆಯ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಆದರೆ ಸಾಗಿಸುವುದೊಂದೇ ಮದ್ದಲ್ಲ. ಚಿಗರಿ ಬೆದರುಗುಳಿ ಪ್ರಾಣಿ, ಬಲೆಯಲ್ಲಿ ಬಿದ್ದ ಗಾಬರಿಗೇ ಸಾಯಬಲ್ಲದು. ಬಿಟ್ಟ ಜಾಗದ ಸುತ್ತಲೂ ಹೊಲಗಳೇ ಇದ್ದರೆ ತೊಂದರೆ ಊರು ಬದಲಿಸಿದಂತಾಯಿತು, ಅಷ್ಟೆ. ಆಂಧ್ರದ ರೊಳ್ಳಪಾಡಿನಲ್ಲಿ ಎರ್ಲಡ್ಡು ಹಕ್ಕಿಗೆಂದು ಅಭಯಾರಣ್ಯ ಮಾಡಿದಾಗ ಹುಲ್ಲಿನ ರಕ್ಷಣೆಯಿಂದ ಹೆಚ್ಚಿದ್ದು ಚಿಗರಿ. ಹಕ್ಕಿ ಕಡಿಮೆಯಾಗುತ್ತ ಬಂತು, ಸುತ್ತಲಿನ ಹೊಲಗಳವರ ಮುನಿಸು ಅಭಯಾರಣ್ಯದ ಮೇಲೆಯೇ ತಿರುಗಿತು.

ಉಳಿದದ್ದು ಬೆಲೆ ಕೊಡುವ ಮಾತು. ಕೊಲರಾಡೊದಿಂದ ಕಲಿಯಬೇಕಾದದ್ದು ಇರುವುದೂ ಇಲ್ಲಿಯೇ, ಬಂದೂಕಿನಲ್ಲಲ್ಲ. ಅಲ್ಲಿ ಎಲ್ಕ್ ಹಿಂಡು ಹೊಲಕ್ಕೋ ಹುಲ್ಲಿನ ಬಣವೆಗೋ ನುಗ್ಗಿ ಹಾನಿ ಮಾಡಿದರೆ ನಿಯಮಕ್ಕೊಳಪಟ್ಟು ಪರಿಹಾರ ಕೊಡುವುದು ರಾಜ್ಯದ ಹೊಣೆಯೆಂದು ಕಾನೂನೇ ಹೇಳುತ್ತದೆ. ಬೇಟೆಗಾರರು ತೆತ್ತ ಶುಲ್ಕದ ಹಣ ಅದಕ್ಕೆ ಒದಗುತ್ತದೆ. ಮೃಗಗಳಿಗೆ ಮೇವು ಕೊಟ್ಟ ಜಮೀನುದಾರರಿಗೆ ಪರವಾನಗಿಗಳಲ್ಲಿ ಒಂದು ಪಾಲನ್ನೂ ಮೀಸಲಿಟ್ಟಿದ್ದಾರೆ. ಬರಿಗೈಯಲ್ಲಿ ಮರಳಿದ ಬೇಟೆಗಾರನ ಹೆಸರಿಗೆ ಒಂದು ಅಂಕ ಬರೆದುಕೊಳ್ಳುವ ಸರ್ಕಾರ, ಬೆಳೆ ಕಳೆದುಕೊಂಡ ರೈತನ ಹೆಸರಿಗೂ ಒಂದು ಸಾಲು ಬರೆದುಕೊಳ್ಳುತ್ತದೆ. ನಾರಾಯಣಪೇಟೆಯ ರೈತನ ಸ್ಥಿತಿ ಇದಕ್ಕೆ ತೀರ ಎದುರು. ಹೋದ ವರ್ಷ ಎರಡು ಸಲ ಬಿತ್ತಿದವನು ಈ ವರ್ಷ ಸೊನ್ನೆಯಿಂದ ಆರಂಭಿಸುತ್ತಾನೆ. ಪರಿಹಾರ ಇಲ್ಲವೆಂದಲ್ಲ. ಕಾಡುಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬಹುದು. ಅರಣ್ಯ, ಕಂದಾಯ, ಕೃಷಿ ಇಲಾಖೆಗಳವರು ಹೊಲ ನೋಡಿ ಹಾನಿ ನಿಜವೆಂದು ಬರೆಯಬೇಕು. ಮೊಳಕೆ ಮೇದುಹೋದ ಹೊಲವನ್ನು ತನಿಖೆ ಮಾಡುವವರು ಬರುವವರೆಗೆ ಹಾಗೆಯೇ ಬಿಟ್ಟರೆ ಹದ ತಪ್ಪುತ್ತದೆ. ಮರುಬಿತ್ತನೆ ಮಾಡಿದರೆ ಹಾನಿಯ ಗುರುತು ಅಳಿಯುತ್ತದೆ. ಮೇದುಹೋದ ಮೊಳಕೆಗೆ ಕೊಯ್ಲಿನ ಇಳುವರಿ ಎಷ್ಟೆಂದು ಯಾರು ಅಳೆಯಬೇಕು? ಅರ್ಜಿಯ ಭಾಷೆ ತೆಲುಗು ಅಥವಾ ಇಂಗ್ಲಿಷು. ಕನ್ನಡ ಶಾಲೆಯಲ್ಲಿ ಓದಿದ ರೈತ ತನ್ನ ಹೊಲದ ನಷ್ಟವನ್ನು ಬರೆಸಲು ಬೇರೊಬ್ಬನಿಗೆ ಕೂಲಿ ಕೊಡಬೇಕು. ಯಾವ ವ್ಯಕ್ತಿಯಾದರೂ ತನ್ನ ಅಹವಾಲನ್ನು ರಾಜ್ಯದಲ್ಲೋ ಕೇಂದ್ರದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ಅನುಚ್ಛೇದ ಹೇಳುತ್ತದೆ. ಆ ಅನುಚ್ಛೇದವನ್ನು ಮಂಡಲ ಕಚೇರಿಯ ಮೇಜಿನ ಮೇಲೆ ಒಮ್ಮೆ ಪರೀಕ್ಷಿಸಿ ನೋಡುವವರು ಈ ಊರುಗಳಿಂದಲೇ ಹೊರಡಬೇಕು.

ಬೆಳೆವಿಮೆಯ ಕಥೆ ಗಡಿಯನ್ನು ಇನ್ನಷ್ಟು ಎದ್ದು ಕಾಣುವಂತೆ ಮಾಡುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳ ಹಾವಳಿಯನ್ನೂ 2026ರ ಮುಂಗಾರಿನಿಂದ ಸ್ಥಳೀಯ ವಿಪತ್ತಾಗಿ ಪರಿಗಣಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿಗಳು, ಯಾವ ಪ್ರದೇಶಗಳು ಎಂಬುದನ್ನು ಆಯಾ ರಾಜ್ಯ ಪಟ್ಟಿ ಮಾಡಬೇಕು. ಹಾನಿಯಾದ 72 ಗಂಟೆಗಳೊಳಗೆ ರೈತ ಮೊಬೈಲಿನಲ್ಲಿ ಫೋಟೊ ಸಹಿತ ದೂರು ಕೊಡಬೇಕು. ತೆಲಂಗಾಣ 2020ರಲ್ಲೇ ಆ ಯೋಜನೆಯಿಂದ ಹೊರಬಂದ ರಾಜ್ಯ. ಹೊಳೆಯಾಚೆಯ ಕರ್ನಾಟಕ ಅದರೊಳಗೇ ಇದೆ. ಸಂಜೆ ಸೈದಾಪುರದ ಕಡೆ ಮೇದು ರಾತ್ರಿ ಕೃಷ್ಣಾ ಮಂಡಲಕ್ಕೆ ಬರುವ ಚಿಗರಿಗೆ 1956ರ ಗೆರೆ ತಿಳಿಯದು. ಅದು ತಿಂದ ಹೊಲದವನಿಗೆ ಮಾತ್ರ ಆ ಗೆರೆ ಎಲ್ಲಿದೆಯೆಂದು ಬೆಳಗ್ಗೆ ಗೊತ್ತಾಗುತ್ತದೆ.

ಇಲ್ಲಿ ಆಗಬೇಕಾದ ಕೆಲಸ ದೊಡ್ಡದಲ್ಲ. ಬಿತ್ತನೆಯ ತಿಂಗಳಲ್ಲಿ ಗ್ರಾಮ ಪಂಚಾಯತಿಯಲ್ಲಿ ಒಂದು ಪುಸ್ತಕ: ಸರ್ವೆ ನಂಬರು, ತಾರೀಕು, ಯಾವ ಬೆಳೆ, ಎಷ್ಟು ಗುಂಟೆ, ಮರುಬಿತ್ತನೆಗೆ ಎಷ್ಟು ಬೀಜ. ನೆರೆಹೊಲದವರಿಬ್ಬರ ಸಹಿ. ಮೂರು ವರ್ಷ ಸತತವಾಗಿ ಹಾನಿಯಾದವನಿಗೆ ಬೇಲಿಯ ಸಹಾಯಧನದಲ್ಲಿ ಮೊದಲ ಸರದಿ, ಹಾನಿ ಹೆಚ್ಚಾದಷ್ಟೂ ಪರಿಹಾರದ ಸರದಿಯಲ್ಲಿ ಮುಂದೆ. ಬೇಟೆಗಾರನ ಅಂಕದ ಪುಸ್ತಕವನ್ನು ರೈತನ ಕಡೆಗೆ ತಿರುಗಿಸಿ ಇಟ್ಟಂತೆ. ಇದಕ್ಕೆ ಕಾಯಿದೆಯ ತಿದ್ದುಪಡಿ ಬೇಡ, ದೆಹಲಿಯ ಅನುಮತಿ ಬೇಡ. ನಷ್ಟದ ಲೆಕ್ಕ ಕೈಯಲ್ಲಿದ್ದರೆ ನ್ಯಾಯಾಲಯಕ್ಕೆ ಹೋಗುವವನ ಮಾತಿಗೂ ಬಲ ಬರುತ್ತದೆ. ಲೆಕ್ಕವಿಲ್ಲದ ದುಃಖವನ್ನು ಯಾವ ನ್ಯಾಯಾಲಯವೂ ಅಳೆಯಲಾರದು.

ಮಕ್ತಲ್ ದಾರಿಗೆ ಈಗ ರೈಲೂ ಇದೆ. ಜಕ್ಲೇರಿನಿಂದ ಕೃಷ್ಣಾದವರೆಗಿನ 37 ಕಿಲೋಮೀಟರ್ ಹೊಸ ಹಳಿ 2023ರ ಅಕ್ಟೋಬರ್ 1ರಂದು ತೆರೆದ ಮೇಲೆ ಕಾಚಿಗುಡದಿಂದ ರಾಯಚೂರಿಗೆ ಈ ಬಯಲಿನ ಮಧ್ಯದಿಂದಲೇ ಹೋಗಬಹುದು. ಗದ್ವಾಲಕ್ಕೆ ಹೋಗುವವರು ಜುರಾಲಾ ಅಣೆಕಟ್ಟಿನ ಮೇಲಿನ ರಸ್ತೆ ಹಿಡಿದು ಹೊಳೆ ದಾಟುತ್ತಾರೆ. ಊರ ನಡುವೆ ಸೋಮಭೂಪಾಲರ ಮಣ್ಣಿನ ಕೋಟೆ, ಒಳಗೆ ಚೆನ್ನಕೇಶವನ ಗುಡಿ, ಅದರ ಪಕ್ಕದಲ್ಲೇ ಮಹಾರಾಣಿ ಆದಿಲಕ್ಷ್ಮೀ ದೇವಮ್ಮನ ಹೆಸರಿನ ಸರ್ಕಾರಿ ಕಾಲೇಜು. ಅರಸರ ಆಳ್ವಿಕೆ ನಡೆದಲ್ಲಿ ಈಗ ರೈತರ ಮಕ್ಕಳು ಪದವಿ ಓದುತ್ತಾರೆ. ಮುಂಗಾರಿನ ಮೊದಲ ವಾರಗಳಲ್ಲಿ ತರಗತಿಗಳಲ್ಲಿ ತೂಕಡಿಸುವ ಹುಡುಗರು ಕಂಡರೆ ಅಧ್ಯಾಪಕರು ಗದರಿಸುವ ಮುನ್ನ ಒಂದು ಮಾತು ಕೇಳಬಹುದು: ರಾತ್ರಿ ಹೊಲ ಕಾಯುವ ಪಾಳಿ ಯಾರದಿತ್ತು?

ಹೊಳೆಯ ಈಚೆ ಕತ್ತಲಾಗುತ್ತಿದ್ದಂತೆ ಗುಡೆಬಲ್ಲೂರಿನ ಹಾದಿಯಲ್ಲಿ ಬ್ಯಾಟರಿಗಳ ಬೆಳಕು ಒಂದೊಂದಾಗಿ ಹೊಲಗಳ ಕಡೆ ಇಳಿಯುತ್ತದೆ. ಗೂಟಕ್ಕೆ ಕಟ್ಟಿದ ಸೀರೆಯ ಗಂಟು ಸಡಿಲವಾಗಿದ್ದರೆ ಬಿಗಿ ಮಾಡುತ್ತಾರೆ. ಮಂಚಿಕೆ ಏರಿ, ಕಂಬಳಿ ಹೊದ್ದು, ಪಕ್ಕದ ಹೊಲದವನಿಗೆ ಕೂಗಿ ಕೇಳುತ್ತಾರೆ, ಎಚ್ಚರ ಅದೀಯೇನಪಾ ಎಂದು. ಆ ಕಡೆಯಿಂದ ತಗಡಿನ ಸದ್ದು ಉತ್ತರವಾಗಿ ಬರುತ್ತದೆ.